ಬಿದ್ದ ಯಂತ್ರ, ಬಿದ್ದ ಮಗು

2025ರ ಏಪ್ರಿಲ್ 19ರಂದು ಚೀನಾದ ಬೀಜಿಂಗ್ ನಗರದಲ್ಲಿ ನಡೆದ ಅರ್ಧ ಮ್ಯಾರಥಾನ್‌ನಲ್ಲಿ ಸಾವಿರಾರು ಮನುಷ್ಯರೊಂದಿಗೆ 21 ಮಾನವಾಕೃತಿಯ ರೋಬೋಟ್‌ಗಳೂ ಓಡಿದವು. ದೂರ ಎಲ್ಲರಿಗೂ ಒಂದೇ, ಸುಮಾರು 21 ಕಿಲೋಮೀಟರ್. ಕೆಲವು ಯಂತ್ರಗಳು ಆರಂಭದಲ್ಲಿಯೇ ಮುಗ್ಗರಿಸಿದವು. ರೋಬೋಟ್‌ಗಳಲ್ಲಿ ಮೊದಲು ಗುರಿ ಮುಟ್ಟಿದ 'ತಿಯಾನ್‌ಗಾಂಗ್ ಅಲ್ಟ್ರಾ' 2 ಗಂಟೆ 40 ನಿಮಿಷ ತೆಗೆದುಕೊಂಡಿತು. ದಾರಿಯಲ್ಲಿ ಮೂರು ಸಲ ಅದರ ಬ್ಯಾಟರಿ ಬದಲಿಸಬೇಕಾಯಿತು. ಒಮ್ಮೆ ಅದೂ ಬಿದ್ದಿತು.

ಇಂದು ಬೀಳುವ ಯಂತ್ರ ನಾಳೆ ನಮ್ಮನ್ನು ಮೀರಿ ಓಡಬಹುದು. 1997ರಲ್ಲಿ ಜಪಾನಿನ ನಗೋಯಾದಲ್ಲಿ ಮೊದಲು ನಡೆದ ರೋಬೋಕಪ್ ಪಂದ್ಯಾವಳಿಯ ಗುರಿಯೇ 2050ರ ವೇಳೆಗೆ ವಿಶ್ವಕಪ್ ಗೆದ್ದ ಫುಟ್‌ಬಾಲ್ ತಂಡವನ್ನು ರೋಬೋಟ್‌ಗಳಿಂದ ಸೋಲಿಸುವುದು. ಆ ದಿನ ಬಂದರೆ ಮನುಷ್ಯನ ಆಟ ಅರ್ಥಹೀನವಾಗುವುದೇ?

ಆಗದು. ಬಿದ್ದ ಯಂತ್ರಕ್ಕೆ ನಾಚಿಕೆಯಿಲ್ಲ, ಗೆದ್ದ ಯಂತ್ರಕ್ಕೆ ಹರ್ಷವಿಲ್ಲ. 'ಇನ್ನು ಸಾಕು' ಎನ್ನುವ ದೇಹವನ್ನು 'ಇನ್ನೊಂದು ಹೆಜ್ಜೆ' ಎಂದು ಒಲಿಸುವ ಮನಸ್ಸು ಅದಕ್ಕಿಲ್ಲ. ಬೀಜಿಂಗ್‌ನಲ್ಲಿ ನಿಜವಾಗಿ ದಣಿದವರು ಆ ಯಂತ್ರಗಳ ಪಕ್ಕದಲ್ಲಿ ಓಡಿದ ಎಂಜಿನಿಯರುಗಳು. ಆಟದ ಬೆಲೆಯಿರುವುದು ಆ ದಣಿವಿನಲ್ಲಿ, ಸೋಲಬಹುದೆಂದು ತಿಳಿದೂ ಓಡುವ ಧೈರ್ಯದಲ್ಲಿ.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಕ್ರೀಡಾದಿನ ಮುಗಿಸಿ ಬಂದ ಮಗುವನ್ನು ನಾವು ಮೊದಲು ಕೇಳುವುದು, 'ಎಷ್ಟನೇ ಸ್ಥಾನ ಬಂತು?' ಎಂದು. ಸ್ಥಾನವೊಂದೇ ಮುಖ್ಯವಾದರೆ ಅದಕ್ಕೆ ಯಂತ್ರವೇ ಸಾಕು, ಮಗುವೇಕೆ? ಬಿದ್ದ ಯಂತ್ರವನ್ನು ಗದರುವವರಿಲ್ಲ, ಎತ್ತಿ ನಿಲ್ಲಿಸುವವರಿದ್ದಾರೆ. ಕೊನೆಯಲ್ಲಿ ಓಡಿ ಬಂದ ನಮ್ಮ ಮಗುವಿಗೆ ಅಷ್ಟಾದರೂ ಸಲ್ಲಬೇಡವೇ?