ಗೆಲ್ಲುವವರಿಲ್ಲದ ಆಟ

ಗೆಲುವು ಸೋಲು ಇಲ್ಲದ್ದು ಆಟವೇ ಅಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಬೆಂಗಳೂರಿನ ಬೋರ್ಡ್‌ಗೇಮ್ ಅಂಗಡಿಯೊಂದಕ್ಕೆ ನನ್ನ ಆಟದ ಪುಸ್ತಿಕೆ ಒಯ್ದಿದ್ದಾಗ ಮಾಲೀಕರು ಪುಟ ತಿರುವಿ, 'ಕೊನೆಗೆ ಗೆಲ್ಲೋದು ಯಾರು?' ಎಂದರು. ಯಾರೂ ಇಲ್ಲ ಎಂದೆ. 'ಹಾಗಿದ್ರೆ ಇದು ನಾಟಕ ಆಯ್ತು ಬಿಡಿ' ಎಂದರು. ಸೌಜನ್ಯದಿಂದಲೇ ಹೇಳಿದರು. ಆದರೆ ಆ ಮಾತಿನ ಹಿಂದೆ ಒಂದು ತೀರ್ಮಾನವಿದೆ: ನಾಲ್ಕು ಜನ ಮೇಜಿನ ಸುತ್ತ ಕೂತು ಕಥೆ ಕಟ್ಟುವುದು ಬರೀ ಹರಟೆ, ಅದಕ್ಕೆ ನಿಯಮ ಬರೆದು ಅಚ್ಚು ಹಾಕಿಸಿ ಮಾರುವ ಅಗತ್ಯವೇ ಇಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸುವ ಆಟ ಬಂದಾಗಲೂ ಅದರಲ್ಲಿ ಗೆದ್ದವರೆಂದು ಯಾರೂ ಇರಲಿಲ್ಲ. ಅರ್ಧ ಶತಮಾನ ಕಳೆದರೂ ಈ ತಕರಾರು ಮಾತ್ರ ಹಾಗೇ ಉಳಿದಿದೆ.

ನನ್ನ ಆಟದ ಹೆಸರು 'ಮುಳುಗಡೆ'. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವಲ್ಲ, ಅಂಥದ್ದೊಂದು ಊರಿನ ಕೊನೆಯ ಮಳೆಗಾಲ ಅದು. ಒಬ್ಬೊಬ್ಬ ಆಟಗಾರನದೂ ಒಂದೊಂದು ಮನೆ. ನಡುವೆ ದೊಡ್ಡ ಹಾಳೆ, ಅದರ ಮೇಲೆ ಎಲ್ಲರೂ ಸೇರಿ ಪೆನ್ಸಿಲಿನಲ್ಲಿ ಬರೆದ ಊರು. ಸರದಿ ಬಂದವರು ಒಂದು ಚೀಟಿ ಎತ್ತುತ್ತಾರೆ, ಅದರಲ್ಲೊಂದು ಪ್ರಶ್ನೆ. ಉತ್ತರವನ್ನು ಅವರೊಬ್ಬರೇ ನಿರ್ಧರಿಸಿ ನಕ್ಷೆಯಲ್ಲಿ ಗುರುತು ಮಾಡಬೇಕು. ಉಳಿದವರು ಆಗ ಬಾಯಿ ತೆರೆಯುವ ಹಾಗಿಲ್ಲ. ಒಂದು ಚೀಟಿಯಲ್ಲಿ ಮಾತ್ರ ಪ್ರಶ್ನೆಯಿಲ್ಲ, '1819 ಅಡಿ' ಎಂದಷ್ಟೇ ಇದೆ. ಜಲಾಶಯದ ಪೂರ್ಣಮಟ್ಟ ಅದು. ಅದು ಕೈಗೆ ಬಂದ ಕೂಡಲೇ ಆಟ ಮುಗಿಯಿತು. ಈ ಚೌಕಟ್ಟಿಗೆ ಏವರಿ ಆಲ್ಡರ್ ಅವರ 2013ರ 'ದಿ ಕ್ವಯಟ್ ಇಯರ್' ಆಟ ನನಗೆ ದಾರಿ ತೋರಿಸಿತು. ಅಲ್ಲಿ 52 ಇಸ್ಪೀಟು ಎಲೆ, ಎಲೆಗೊಂದು ವಾರ. ಚಳಿಗಾಲದ ಎಲೆಗಳ ನಡುವೆ ಎಲ್ಲೋ ಅಡಗಿರುವ ಸ್ಪೇಡ್ ರಾಜ ಬಂದರೆ ಎಲ್ಲ ಮುಗಿಯುತ್ತದೆ.

ಆಟದ ಬಗ್ಗೆ ತತ್ತ್ವ ಬರೆದವರಿಗೆ ಕೊರತೆಯಿಲ್ಲ. ಹೌಜಿಂಗಾ, ಕಾಯ್ವಾ ಇಬ್ಬರನ್ನೂ ಓದಿದೆ. ಅವರ ವಿಂಗಡಣೆಗಳಿಂದ ನನ್ನ ಕೆಲಸಕ್ಕೆ ಏನೂ ದಕ್ಕಲಿಲ್ಲ. ನಿದ್ದೆಗೆಡಿಸಿದವರು ಬರ್ನಾರ್ಡ್ ಸ್ಯೂಟ್ಸ್. 1978ರ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಅವರು ಈಸೋಪನ ಇರುವೆ ಮಿಡತೆಗಳ ಕಥೆಯ ಮಿಡತೆಯನ್ನೇ ತತ್ತ್ವಜ್ಞಾನಿಯಾಗಿ ಕೂರಿಸುತ್ತಾರೆ. ಅವರ ಪ್ರಕಾರ ಆಟವೆಂದರೆ ಬೇಡದ ಅಡ್ಡಿಗಳನ್ನು ತಾವಾಗಿ ಮೈಮೇಲೆ ಎಳೆದುಕೊಂಡು ದಾಟುವ ಪ್ರಯತ್ನ. ಗಾಲ್ಫ್ ಚೆಂಡನ್ನು ಕುಳಿಗೆ ಹಾಕುವುದಷ್ಟೇ ಗುರಿಯಾದರೆ ಕೈಯಲ್ಲಿ ಒಯ್ದು ಹಾಕಬಹುದು. ಉದ್ದ ಕೋಲಿನಿಂದ ದೂರದಿಂದ ಹೊಡೆಯುವುದು ಯಾಕೆಂದರೆ, ಹಾಗೆ ಹೊಡೆದರೇ ಅದು ಆಟ. ಪಾತ್ರ ವಹಿಸುವ ಆಟಗಳಿಗೂ ಅವರಲ್ಲಿ ಜಾಗವಿದೆ. ಅವನ್ನು ಅವರು ತೆರೆದ ಆಟ ಎನ್ನುತ್ತಾರೆ: ಒಬ್ಬರ ನಡೆ ಇನ್ನೊಬ್ಬರಿಗೆ ನಡೆ ಒದಗಿಸುತ್ತ ಹೋಗಬೇಕು, ಮುಂದುವರಿಯುವುದೇ ಗುರಿ.

ಅಂಗಡಿಯವರಿಗಿಂತ ಸ್ಯೂಟ್ಸ್ ಉದಾರಿ, ನಿಜ. ಆದರೂ ನನ್ನ ಜಗಳ ಅವರ ಜೊತೆಗೇ. ಮುಂದುವರಿಯುವುದೇ ಗುರಿಯಾದರೆ 1819 ಎಂಬ ಚೀಟಿಗೆ ಅರ್ಥವೇನು? ನನ್ನ ಮೇಜಿನಲ್ಲಿ ಕೂತವರು ಆಟವನ್ನು ಬೆಳೆಸಲು ಯತ್ನಿಸುವುದಿಲ್ಲ, ಮುಗಿಯುವುದರೊಳಗೆ ಏನು ಮಾಡಬಹುದೋ ಅದನ್ನು ಮಾಡುತ್ತಾರೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳುತ್ತ ಬೆಳೆದವರಿಗೆ ಇದು ಹೊಸದಲ್ಲ. ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು, ಪ್ರಸಂಗ ಹಾಗಿದೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿಯ ಅರ್ಥಧಾರಿ ರಾಮನನ್ನು ಎಷ್ಟೇ ಇಕ್ಕಟ್ಟಿಗೆ ಸಿಕ್ಕಿಸಲಿ, ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಮಾತು ಮುಗಿಯಿತು. ವಾದದಲ್ಲಿ ವಾಲಿಯೇ ಮೇಲಾದ ಎಂದು ಜನ ಮನೆಗೆ ಹೋಗುವ ದಾರಿಯಲ್ಲಿ ಹೇಳುವುದುಂಟು. ಹಾಗಂತ ವಾಲಿ ಬದುಕುವುದಿಲ್ಲ. ಅಂತ್ಯ ಗಟ್ಟಿಯಾಗಿ ನಿಂತಿರುವುದರಿಂದಲೇ ಅಲ್ಲಿ ಮಾತಿಗೆ ಅಷ್ಟು ಬಿಸಿ. ಗೆಲುವೂ ಗುರಿಯಲ್ಲ, ಮುಂದುವರಿಕೆಯೂ ಗುರಿಯಲ್ಲ. ಸ್ಯೂಟ್ಸ್ ಈ ಎರಡರ ನಡುವಿನ ಜಾಗವನ್ನು ಗಮನಿಸಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಶಿವಮೊಗ್ಗದಲ್ಲಿ ಗೆಳೆಯರ ಮನೆಯಲ್ಲಿ ನಡೆದ ಪ್ಲೇಟೆಸ್ಟ್ ನನ್ನನ್ನು ಸ್ಯೂಟ್ಸ್ ಕಡೆಗೆ ತಳ್ಳಿತು. ಹುಡುಗನೊಬ್ಬನಿಗೆ ಬಂದ ಚೀಟಿ, 'ಊರಿನಲ್ಲಿ ಮೊದಲು ಮಾರಾಟವಾದದ್ದು ಏನು?' ಅವನು ಪಕ್ಕದ ಮನೆಯ ಗಡಿಯಲ್ಲಿದ್ದ ಹಲಸಿನ ಮರವನ್ನು ರಬ್ಬರಿನಿಂದ ಅಳಿಸಿ, ನಾಟಾಕ್ಕೆ ಕೊಟ್ಟೆ ಎಂದ. ಆ ಮರವನ್ನು ಹಾಳೆಯ ಮೇಲೆ ಬರೆದವರು ಪಕ್ಕದಲ್ಲೇ ಕೂತಿದ್ದರು. ಅವರ ಕೈ ಮೇಜಿನ ಅಂಚು ಹಿಡಿಯಿತು, ಬಾಯಿ ಅರ್ಧ ತೆರೆದು ಮುಚ್ಚಿತು. ನಡುವೆ ಉಳಿದವರ ಸರದಿಗಳೆಲ್ಲ ಹೋದವು. ಮರ ಬರೆದವರ ಪಾಲಿಗೆ ಬಂದದ್ದು ಬಾವಿಯ ಕುರಿತ ಚೀಟಿ. ಬಾವಿಯೊಳಗೆ ಒಂದು ಗೀಟು ಎಳೆದು, 'ಅವರ ಮನೆ ಕೊಡಲಿ ಇಲ್ಲಿದೆ' ಎಂದರು.

ಮಾತಾಡಲು ಬಿಟ್ಟಿದ್ದರೆ 'ಅದನ್ನ ಕಡೀಬೇಡ ಕಣೋ' ಎನ್ನುತ್ತಿದ್ದರು, ಅವನೂ 'ಸಾರಿ ಅಕ್ಕ' ಎಂದು ಮರವನ್ನು ಮತ್ತೆ ಬರೆಯುತ್ತಿದ್ದ. ಒಳ್ಳೆಯವರು ಕೂತಲ್ಲಿ ಆಗುವುದೇ ಹಾಗೆ. ಬಾಯಿ ಮುಚ್ಚಿಸುವ ನಿಯಮ ಅಪ್ಪಟ ಅನಗತ್ಯ ಅಡ್ಡಿ, ಕೊಡಲಿ ಬಾವಿಗೆ ಬಿದ್ದದ್ದು ಅದರಿಂದ. ಇಲ್ಲಿ ಸ್ಯೂಟ್ಸ್ ಹೇಳಿದ್ದೇ ಸರಿ, ಒಪ್ಪುತ್ತೇನೆ. ಒಳ್ಳೆಯ ಆಟಗಾರರಿದ್ದರೆ ನಿಯಮ ಯಾಕೆ ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನ್ನಲ್ಲಿಲ್ಲ.

ಆದರೆ ಗುರಿಯ ಪ್ರಶ್ನೆ ಹಾಗೇ ಉಳಿಯಿತು. ಸ್ಯೂಟ್ಸ್ ಪ್ರಕಾರ ನಿಯಮಕ್ಕೂ ಮೊದಲು ಹೇಳಬಹುದಾದ ಗುರಿಯೊಂದು ಇರಬೇಕು, ಚೆಂಡು ಕುಳಿಗೆ ಬೀಳುವ ಹಾಗೆ. ಇಲ್ಲಿ ಅದು ಯಾವುದು? ಒಳ್ಳೆಯ ಕಥೆ ಎನ್ನಲಾರೆ. ಕಾದಂಬರಿಕಾರರೊಬ್ಬರು ಒಂಟಿಯಾಗಿ ಕೂತು ಅದನ್ನು ಇನ್ನೂ ಚೆನ್ನಾಗಿ ಬರೆಯಬಲ್ಲರು. ಹೇಳಲೇಬೇಕೆಂದರೆ, ಇನ್ನೊಬ್ಬರ ತೀರ್ಮಾನದ ಅಡಿಯಲ್ಲಿ ಬದುಕಿ ನೋಡುವುದು. ಆದರೆ ಅದಕ್ಕೆ ಆಟ ಯಾಕೆ ಬೇಕು, ಬದುಕೇ ಬೇಕಾದಷ್ಟು ಕೊಡುತ್ತದಲ್ಲ?

ನನ್ನ ದೊಡ್ಡಮ್ಮ ಹುಡುಗಿಯಾಗಿದ್ದಾಗ ಶರಾವತಿ ಕಣಿವೆಯಿಂದ ಎದ್ದು ಬಂದವರು. ಒಮ್ಮೆ ನಮ್ಮ ಜೊತೆ ಆಡಲು ಕೂತರು. ನಡುವೆ ನನ್ನನ್ನು ನೋಡಿ, 'ನೀ ಇಲ್ಲಿ ಎಲ್ರಿಗೂ ಸರದಿ ಕೊಟ್ಟಿದೀಯ. ನಮ್ಗೆ ಯಾರು ಕೊಟ್ಟಿದ್ರು?' ಎಂದರು. ಎದ್ದು ಹೋಗಲಿಲ್ಲ, ಕೊನೆಯವರೆಗೂ ಆಡಿದರು. ಆ ಪ್ರಶ್ನೆ ಸ್ಯೂಟ್ಸ್‌ಗೂ ತಗಲುತ್ತದೆ, ನನಗೂ ತಗಲುತ್ತದೆ. ಅವರ ಸಿದ್ಧಾಂತ ನಿಂತಿರುವುದೇ ತಾವಾಗಿ ಒಪ್ಪಿಕೊಂಡ ಅಡ್ಡಿಯ ಮೇಲೆ. ಯಾವ ಕೊರತೆಯೂ ಇಲ್ಲದ ಆದರ್ಶ ಲೋಕದಲ್ಲಿ ಮಾಡಲು ಉಳಿಯುವುದು ಆಟ ಮಾತ್ರ ಎಂದೂ ಅವರು ಹೇಳುತ್ತಾರೆ. ದೊಡ್ಡಮ್ಮನ ಮನೆಯವರು ಮುಳುಗಡೆಯನ್ನು ತಾವಾಗಿ ಒಪ್ಪಿಕೊಂಡವರಲ್ಲ. ಅಲ್ಲಿಂದ ಎಬ್ಬಿಸಲ್ಪಟ್ಟವರ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಅವರ ಮೇಲೆ ಹೇರಿದ್ದನ್ನು ನಾನು ಇಷ್ಟಪಟ್ಟು ಎತ್ತಿಕೊಳ್ಳುವ ಚೀಟಿಯಾಗಿಸಿದ್ದೇನೆ. ಇದು ಅದನ್ನು ಹಗುರ ಮಾಡುತ್ತದೋ, ಕೈಯಲ್ಲಿ ಹಿಡಿದು ನೋಡುವಂತೆ ಮಾಡುತ್ತದೋ? ಎರಡನೆಯದೆಂದು ನಂಬಿ ಕೆಲಸ ಮುಂದುವರಿಸಿದೆ. ಸಾಬೀತು ಮಾಡಲಾರೆ.

ಆಟದ ಪಿಡಿಎಫ್ ಅನ್ನು ಇಚ್ ಐಓ ಜಾಲತಾಣದಲ್ಲಿ ಬಿಡುಗಡೆ ಮಾಡಿದ ಮೇಲೆ ವಿಷಯ ಇನ್ನಷ್ಟು ಸಿಕ್ಕಾಯಿತು. ಬಿಡುಗಡೆಯೆಂದರೆ ನಾನಿಲ್ಲದ ಮೇಜುಗಳಲ್ಲಿ ನನ್ನ ನಿಯಮ ಒಂಟಿಯಾಗಿ ನಿಲ್ಲುವುದು. ಒಂದು ಗುಂಪಿನವರು ಪತ್ರ ಬರೆದರು. ಹೆಚ್ಚು ಸಾಮಾನು ಉಳಿಸಿಕೊಂಡ ಮನೆ ಗೆದ್ದಂತೆ ಎಂಬ ನಿಯಮವನ್ನು ಅವರೇ ಸೇರಿಸಿಕೊಂಡಿದ್ದರು. ಓದುತ್ತ ಸಿಟ್ಟು ಬಂತು. ಮುಂದೆ ಓದಿದರೆ, ಆ ಆಟದಲ್ಲಿ ಒಂದು ಮನೆಯವರು ಪಕ್ಕದ ಮನೆಗೆ ಬಂದ ಪರಿಹಾರದ ನೋಟೀಸನ್ನು ಬಚ್ಚಿಟ್ಟಿದ್ದರು. ನನ್ನ ನಿಯಮಗಳಿಂದ ಅಂಥದ್ದು ಎಂದೂ ಹುಟ್ಟಿರಲಿಲ್ಲ. ದೊಡ್ಡಮ್ಮನಿಗೆ ಹೇಳಿದರೆ, 'ಪಟ್ಟಿ ಬಂದಾಗ ನಮ್ಮೂರಲ್ಲೂ ಹಂಗೇ ಆಗಿತ್ತು' ಎಂದರು.

ಹಾಗಾದರೆ ಗೆಲ್ಲುವ ಆಸೆ ಆ ಊರಿನ ನಿಜದ ಒಂದು ಭಾಗವೇ ಆಗಿತ್ತು. ನಾನು ಸಿದ್ಧಾಂತದ ಹೆಸರಿನಲ್ಲಿ ಅದನ್ನು ಹೊರಗಿಟ್ಟಿದ್ದೆ. ಎರಡನೆಯ ಆವೃತ್ತಿಯ ಕರಡಿನಲ್ಲಿ ಆ ನಿಯಮವನ್ನು ಬರೆಯುತ್ತೇನೆ, ಹೊಡೆದು ಹಾಕುತ್ತೇನೆ. ಸೇರಿಸಿದರೆ ನೋಟೀಸು ಬಚ್ಚಿಡುವವರು ಸಿಗುತ್ತಾರೆ, ಆದರೆ ಬಾಯಿ ಮುಚ್ಚಿ ಕಾದು ಕೊಡಲಿಯನ್ನು ಬಾವಿಗೆ ಎಸೆಯುವವರು ಆ ಹೊತ್ತಿಗೆ ಸಾಮಾನು ಎಣಿಸುತ್ತ ಕೂತಿರುತ್ತಾರೇನೋ. ಇಬ್ಬರನ್ನೂ ಒಂದೇ ಮೇಜಿಗೆ ಕರೆತರುವ ನಿಯಮ ಇನ್ನೂ ಸಿಕ್ಕಿಲ್ಲ.