ಮೇಲಿದ್ದವರ ನೆಮ್ಮದಿ ಯಾರ ಸೊತ್ತು?

ಮೇಲೇರಿದಷ್ಟೂ ತಲೆಬಿಸಿ ಹೆಚ್ಚು ಎಂಬುದು ಬಹುತೇಕ ಎಲ್ಲರೂ ಒಪ್ಪಿಕೊಂಡಿರುವ ಮಾತು. ಸಾಹೇಬರಿಗೆ ಬಿ.ಪಿ., ಮ್ಯಾನೇಜರಿಗೆ ನಿದ್ದೆಯಿಲ್ಲ, ಜವಾನ ಮಾತ್ರ ಸಂಜೆಯಾಗುತ್ತಲೇ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ ಎಂದು ನಂಬಿದ್ದೇವೆ. ಈ ನಂಬಿಕೆಯನ್ನು ಬುಡಸಮೇತ ಅಲುಗಾಡಿಸಿದ್ದು ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ಸುಮಾರು 18,000 ಪುರುಷ ನೌಕರರನ್ನು ವರ್ಷಗಟ್ಟಲೆ ಗಮನಿಸಿದಾಗ ಕಂಡದ್ದು ತದ್ವಿರುದ್ಧ ಚಿತ್ರ. ಅತಿ ಮೇಲಿನ ದರ್ಜೆಯವರಿಗಿಂತ ಅತಿ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡ ಇತ್ಯಾದಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ, ಹೆಂಗಸರನ್ನೂ ಸೇರಿಸಿಕೊಂಡು ಶುರುವಾದ ಎರಡನೆಯ ಅಧ್ಯಯನ ಒಂದು ಮುಖ್ಯ ಕಾರಣವನ್ನು ಎತ್ತಿ ತೋರಿಸಿತು. ತಾನು ಮಾಡುವ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಿಗೆ ಹೃದ್ರೋಗದ ಅಪಾಯ ಹೆಚ್ಚು.

ನಾಯಕತ್ವಕ್ಕೂ ನೆಮ್ಮದಿಗೂ ಇರುವ ಸಂಬಂಧದ ಚರ್ಚೆ ಇಲ್ಲಿಂದ ಆರಂಭವಾಗಬೇಕು ಎಂಬುದು ನನ್ನ ವಾದ. ಧ್ಯಾನ, ಬೆಳಗಿನ ನಡಿಗೆ, ಒಳ್ಳೆಯ ನಿದ್ದೆ ಎಲ್ಲವೂ ಬೇಕು ನಿಜ. ಆದರೆ ಮೇಲಿನ ಕುರ್ಚಿಯಲ್ಲಿ ಕೂತವರ ನೆಮ್ಮದಿಯ ದೊಡ್ಡ ಪಾಲು ಬರುವುದು ಆ ಕುರ್ಚಿಯಿಂದಲೇ. ಯಾವ ಕೆಲಸ ಮೊದಲು, ಯಾವುದು ನಾಳೆಗೆ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಅದರ ಜೊತೆಗೇ ಸಿಗುತ್ತದೆ. ಆ ಕುರ್ಚಿ ನಿಂತಿರುವುದು ಕೆಳಗಿನವರ ದುಡಿಮೆಯ ಮೇಲೆ, ಹಾಗಾಗಿ ಆ ನೆಮ್ಮದಿಯಲ್ಲಿ ಅವರಿಗೂ ಹಕ್ಕಿದೆ.

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಸುತ್ತಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದು ಲೈನಿನಲ್ಲಿ ಹತ್ತಾರು ಟೈಲರ್‌ಗಳು, ಹೆಚ್ಚಿನವರು ಹೆಂಗಸರು. ಒಬ್ಬಳು ಕಾಲರ್, ಒಬ್ಬಳು ಕಫ್, ಮತ್ತೊಬ್ಬಳು ಪಾಕೆಟ್. ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು ಎಂದು ಗಂಟೆಗೊಮ್ಮೆ ಬೋರ್ಡಿನ ಮೇಲೆ ಅಂಕಿ ಏರುತ್ತದೆ. ಅಂಕಿ ಕಡಿಮೆಯಾದರೆ ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜನ್ನು ಬೈಯುತ್ತಾರೆ, ಅವನು ಸೂಪರ್‌ವೈಸರನ್ನು, ಸೂಪರ್‌ವೈಸರ್ ಮಿಷಿನ್ ಮುಂದೆ ಕೂತವಳನ್ನು. ಅವಳು ಬೆಳಗಿನಿಂದ ನೀರು ಕುಡಿದಿರುವುದಿಲ್ಲ. ಕುಡಿದರೆ ಟಾಯ್ಲೆಟ್‌ಗೆ ಏಳಬೇಕು, ಎದ್ದರೆ ಬಂಡಲ್ ರಾಶಿ ಬೀಳುತ್ತದೆ. ಸೂಪರ್‌ವೈಸರ್ ಸಹ ಊಟದ ಬೆಲ್ ಆದ ಮೇಲೂ ಡಬ್ಬಿ ಬಿಚ್ಚದೆ, ಕೆಟ್ಟ ಮಿಷಿನ್ ಪಕ್ಕದಲ್ಲಿ ಮೆಕ್ಯಾನಿಕ್‌ಗಾಗಿ ಕಾಯುತ್ತಿರುತ್ತಾನೆ. ಲೈನಿಗೆ ಅವನೇ ಮುಖಂಡ. ಆದರೆ ಟಾರ್ಗೆಟ್ ಇಳಿಸುವುದು ಅವನ ಕೈಯಲ್ಲಿಲ್ಲ, ಇಬ್ಬರು ಗೈರಾದರೆ ಬದಲಿ ಜನ ಕೊಡಿಸುವುದೂ ಇಲ್ಲ. ಅವನ ಪಾಲಿಗೆ ಉಳಿದಿರುವುದು ಬೈಯುವ ಅಧಿಕಾರವೊಂದೇ.

ಇಂಥವನನ್ನು ತರಬೇತಿಗೆ ಕೂರಿಸಿ, ನೀನು ಖುಷಿಯಾಗಿದ್ದರೆ ನಿನ್ನ ತಂಡವೂ ಖುಷಿಯಾಗಿರುತ್ತದೆ ಎಂದು ಹೇಳಲಾಗುತ್ತದೆ. ಆ ಮಾತಿಗೆ ಆಧಾರವಿಲ್ಲವೆಂದಲ್ಲ. 2005ರಲ್ಲಿ ಥಾಮಸ್ ಸೈ ಮತ್ತು ಸಂಗಡಿಗರು 56 ಗುಂಪುಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಮುಖಂಡನಿಗೆ ಮಾತ್ರ ನಗಿಸುವ ಅಥವಾ ಮನ ಕದಡುವ ವಿಡಿಯೊ ತೋರಿಸಿ, ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಸಿ ಗುಂಪಿನಿಂದ ಡೇರೆ ಹಾಕಿಸಿದರು. ಮುಖಂಡನ ಮನಸ್ಥಿತಿ ಉಳಿದವರಿಗೂ ಅಂಟಿಕೊಂಡಿತು. ಗೆಲುವಾಗಿದ್ದ ಮುಖಂಡರ ಗುಂಪುಗಳಲ್ಲಿ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನಸ್ಸು ಕೆಟ್ಟಿದ್ದ ಮುಖಂಡರ ಗುಂಪುಗಳು ಹೆಚ್ಚು ಶ್ರಮ ಹಾಕಿದವು.

ಈ ಎರಡನೆಯ ಫಲಿತಾಂಶದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ನಾಯಕ ಸಂತೋಷದಿಂದಿದ್ದರೆ ಉತ್ಪಾದನೆ ಹೆಚ್ಚುತ್ತದೆ ಎಂಬ ಲಾಭದ ಲೆಕ್ಕದ ಮೇಲೆ ನೆಮ್ಮದಿಯ ಪರ ವಾದ ಕಟ್ಟಿದರೆ, ಬೈಗುಳದಿಂದ ನಾಲ್ಕು ಪೀಸ್ ಜಾಸ್ತಿ ಬಂದ ದಿನವೇ ಆ ವಾದ ಕುಸಿಯುತ್ತದೆ. ಗಾರ್ಮೆಂಟ್ಸ್ ಲೈನಿನಲ್ಲಿ ಕೂಗಾಟ ಉಳಿದುಕೊಂಡಿರುವುದು ಆ ಒಂದು ಗಂಟೆಯ ಮಟ್ಟಿಗೆ ಅದು ಫಲ ಕೊಡುತ್ತದೆ ಎಂಬ ಕಾರಣಕ್ಕೇ. ಆದ್ದರಿಂದ ವಾದದ ಬುನಾದಿ ಬೇರೆ ಇರಬೇಕು. ಸಿಡುಕುವ ನೆಂಟರ ಮನೆಯಿಂದ ಎದ್ದು ಬರಬಹುದು, ಸಿಡುಕುವ ಅಂಗಡಿಯವನನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗಬಹುದು. ಮೇಲಿನವರ ಸಿಡುಕಿನಿಂದ ಎದ್ದು ಹೋದರೆ ಹೋಗುವುದು ಸಂಬಳ. ತಪ್ಪಿಸಿಕೊಳ್ಳಲಾಗದವರ ಮೇಲೆ ಬೀಳುವ ಮನಸ್ಥಿತಿ ಯಾರ ಖಾಸಗಿ ವಿಷಯವೂ ಅಲ್ಲ, ಅದು ನ್ಯಾಯದ ಪ್ರಶ್ನೆ.

ಹಾಗಾದರೆ ನಾಯಕ ಸದಾ ನಗುತ್ತಿರಬೇಕೆ? ನಗುವನ್ನೇ ಕೆಲಸವಾಗಿಸಿದರೆ ಮನುಷ್ಯ ಒಳಗೊಳಗೇ ಹೇಗೆ ಸವೆಯುತ್ತಾನೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ವಿಮಾನದ ಪರಿಚಾರಿಕೆಯರನ್ನು ಅಭ್ಯಸಿಸಿ 1983ರಲ್ಲೇ ಬರೆದಿದ್ದಾರೆ. ಕೆಳಗಿನವರಂತೂ ದಿನವಿಡೀ ಮೇಲಿನವರ ಮುಖ ಓದುತ್ತಲೇ ಇರುತ್ತಾರೆ. ತೋರಿಕೆಯ ನಗು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನನಗೆ ಬೇಕಾದ ನೆಮ್ಮದಿಯ ಪರೀಕ್ಷೆ ಮುರಿದ ಸೂಜಿಯಲ್ಲಿದೆ. ಹೊಲಿಯುವಾಗ ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ರಿಜಿಸ್ಟರಿಗೆ ಅಂಟಿಸಿದ ಮೇಲೆಯೇ ಹೊಸ ಸೂಜಿ ಕೊಡಬೇಕು ಎಂಬುದು ರಫ್ತು ಗಾರ್ಮೆಂಟ್ಸ್‌ಗಳ ನಿಯಮ. ಒಂದು ಚೂರು ಬಟ್ಟೆಯಲ್ಲೇ ಉಳಿದರೆ ಎಲ್ಲೋ ಒಂದು ಮಗುವಿನ ಮೈಗೆ ಚುಚ್ಚೀತು. ಆದರೆ ಹುಡುಕುವಷ್ಟು ಹೊತ್ತು ಮಿಷಿನ್ ನಿಲ್ಲುತ್ತದೆ, ಬೋರ್ಡಿನ ಅಂಕಿ ಇಳಿಯುತ್ತದೆ. ಆ ಕ್ಷಣ ಹೊಲಿಯುವವಳು ಕೈ ಎತ್ತುತ್ತಾಳೋ, ಸಿಗದ ಚೂರಿನ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತಾಳೋ ಎಂಬುದು ಸೂಪರ್‌ವೈಸರ್ ಎಂಥವನು ಎಂಬುದರ ಮೇಲೆ ನಿಂತಿದೆ. ಮನೆಯಲ್ಲಿ ಸಾವಾಗಿ ದುಃಖದಲ್ಲಿರುವವನ ಹತ್ತಿರವೂ ಕೆಟ್ಟ ಸುದ್ದಿಯನ್ನು ಹೆದರದೆ ಹೇಳಲು ಸಾಧ್ಯವಿದೆ. ಸದಾ ಉತ್ಸಾಹದ ಮಾತಾಡುವವನ ಹತ್ತಿರ ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಕೆಟ್ಟ ಸುದ್ದಿ ಕೇಳಿಯೂ ಕದಡದೆ ನಿಲ್ಲುವ ಗಟ್ಟಿತನವನ್ನೇ ನಾನು ನೆಮ್ಮದಿ ಎನ್ನುತ್ತೇನೆ, ನಾಯಕನ ಹತ್ತಿರ ಇರಲೇಬೇಕಾದದ್ದು ಅದು.

ಆ ಗಟ್ಟಿತನ ದಣಿದ ದೇಹದಲ್ಲಿ ಬಹಳ ದಿನ ನಿಲ್ಲದು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ದಿನಚರಿಯಿದೆ. ಹಗಲಿಗೆ ಎಂಟು ಭಾಗ, ಇರುಳಿಗೆ ಎಂಟು. ನಿದ್ದೆಗೆ ಎರಡು ಭಾಗ, ಎಂದರೆ ಮೂರೇ ಗಂಟೆ. ಪ್ರಜೆಗಳ ಸುಖದಲ್ಲೇ ರಾಜನ ಸುಖ ಎಂದು ಹೇಳುವ, ಅಹವಾಲು ತಂದವರನ್ನು ಬಾಗಿಲಲ್ಲಿ ಕಾಯಿಸಬೇಡ ಎನ್ನುವ ಅದೇ ಅಧ್ಯಾಯ ಇದನ್ನೂ ಹೇಳುತ್ತದೆ. ಜೊತೆಗೆ, ರಾಜ ತನ್ನ ಶಕ್ತಿಗೆ ತಕ್ಕಂತೆ ವೇಳೆಯನ್ನು ಬದಲಿಸಿಕೊಳ್ಳಬಹುದು ಎಂಬ ಅನುಕೂಲವೂ ಉಂಟು. 2023ರಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅವರು ವಾರಕ್ಕೆ 70 ಗಂಟೆ ದುಡಿಮೆಯ ಮಾತಾಡಿದಾಗ, 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಸುದ್ದಿಯಾದಾಗ ನನಗೆ ನೆನಪಾದದ್ದು ಆ ಅನುಕೂಲವೇ. ತಾನೇ ಕಟ್ಟಿದ ಸಂಸ್ಥೆಗೆ ತಾನೇ ಇಷ್ಟಪಟ್ಟು ಕೊಡುವ 70 ಗಂಟೆಯೂ ಬೇರೊಬ್ಬರು ಬರೆದ ಟಾರ್ಗೆಟ್‌ಗೆ ಕೊಡುವ 70 ಗಂಟೆಯೂ ದೇಹಕ್ಕೆ ಒಂದೇ ಅಲ್ಲ ಎಂಬುದನ್ನೇ ವೈಟ್‌ಹಾಲ್‌ನ ನೌಕರರು ಸೂಚಿಸಿದ್ದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿವೆ.

ಹಿಡಿತವಿಲ್ಲದವರಿಗೆ ಕನಿಷ್ಠ ಮಾತಾಡುವ ಅವಕಾಶ ಸಿಕ್ಕರೆ ಏನಾಗುತ್ತದೆ? ಭಾರತದ ಗಾರ್ಮೆಂಟ್ಸ್ ಕಂಪನಿಯೊಂದರಲ್ಲಿ, ಸಂಬಳದ ಏರಿಕೆ ನಿರಾಸೆ ತಂದ ಹೊತ್ತಿನಲ್ಲಿ, ಅರ್ಥಶಾಸ್ತ್ರಜ್ಞರು ಕೆಲವು ಕಾರ್ಮಿಕರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಹೆಸರಿಲ್ಲದೆ ಅಭಿಪ್ರಾಯ ಕೇಳಿದರು. ಹಾಗೆ ಅಭಿಪ್ರಾಯ ಹೇಳಿದವರಲ್ಲಿ ಕೆಲಸ ಬಿಟ್ಟವರು ಕಡಿಮೆ, ಗೈರುಹಾಜರಿಯೂ ಕಡಿಮೆ. ಕಿವಿ ಕೊಟ್ಟರೆ ಸಾಕು, ಸಂಬಳ ಏರಿಸಬೇಕಿಲ್ಲ ಎಂದು ಇದರಿಂದ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಆ ಸಂಬಳ ಅವರಿಗೆ ಸಲ್ಲಬೇಕಾದದ್ದು. ಆದರೆ ಹೀಗೆ ಅಭಿಪ್ರಾಯವನ್ನು ಸೂಪರ್‌ವೈಸರ್ ಬಳಿ ಯಾರು ಕೇಳುತ್ತಾರೆ? ಅವನ ಒತ್ತಡ ತಗ್ಗಿಸಲು ಯೋಗದ ಮೇಷ್ಟ್ರನ್ನು ಕರೆಸುವ ಮೊದಲು, ಸೂಜಿ ಹುಡುಕಿದ ಹದಿನೈದು ನಿಮಿಷವನ್ನು ಆ ಗಂಟೆಯ ಟಾರ್ಗೆಟ್‌ನಿಂದ ಕಳೆಯುವ ಅಧಿಕಾರವನ್ನು ಕಂಪನಿ ಅವನಿಗೆ ಬರವಣಿಗೆಯಲ್ಲಿ ಕೊಡಲಿ.