ಹನ್ನೊಂದು ಸೀಟು, ಮೂರು ಪಟ್ಟಿ

ಲೆಬನಾನಿನ 'ದಕ್ಷಿಣ 3' ಕ್ಷೇತ್ರ ಇಸ್ರೇಲ್ ಗಡಿಗೆ ತಾಗಿಕೊಂಡಿದೆ. ನಬತಿಯೆ, ಬಿಂತ್ ಜ್ಬೈಲ್, ಮರ್ಜಯೂನ್, ಹಾಸ್ಬಯಾ ಎಲ್ಲ ಸೇರಿ 11 ಸೀಟು. ಹಿಜ್ಬುಲ್ಲಾ ಮತ್ತು ಅಮಲ್ ಪಕ್ಷಗಳು ಬಲವಾಗಿ ಬೇರೂರಿದ ನೆಲ ಅದು. 2018ರ ಸಂಸತ್ ಚುನಾವಣೆಯಲ್ಲಿ ಅಲ್ಲಿ ಅಭ್ಯರ್ಥಿಗಳ ಆರು ಪಟ್ಟಿಗಳು ಕಣದಲ್ಲಿದ್ದವು. ಆ ಜೋಡಿಯ ಪಟ್ಟಿಗೆ ಎದುರಾಗಿ ನಿಂತವು ಐದು. ಹನ್ನೊಂದೂ ಸೀಟು ಜೋಡಿಯ ಪಾಲಾದವು.

ನಮ್ಮಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಒಬ್ಬನೇ ಸಂಸದ. ಅಲ್ಲಿ 2017ರ ಕಾನೂನಿನಂತೆ ಮತದಾರ ಮೊದಲು ಒಂದು ಇಡೀ ಪಟ್ಟಿಯನ್ನು ಆರಿಸಬೇಕು, ಆಮೇಲೆ ಬೇಕಿದ್ದರೆ ಅದೇ ಪಟ್ಟಿಯ ಒಬ್ಬರಿಗೆ ಪ್ರಾಶಸ್ತ್ಯ ಮತ ಕೊಡಬಹುದು. ಎರಡು ಪಟ್ಟಿಗಳಿಂದ ಹೆಸರು ಆಯುವಂತಿಲ್ಲ. ಒಟ್ಟು ಮತವನ್ನು ಸೀಟುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತವೇ ಹೊಸ್ತಿಲು. ಅದನ್ನು ದಾಟದ ಪಟ್ಟಿ ಲೆಕ್ಕದಿಂದಲೇ ಹೊರಕ್ಕೆ. ಅದಕ್ಕೆ ಬಿದ್ದ ಮತವೆಲ್ಲ ವ್ಯರ್ಥ. ಅಂದರೆ ಬದಲಾವಣೆ ಬಯಸುವವರು ಐದು ಗುಂಪಾದರೆ, ಐದೂ ಗುಂಪು ಹೊಸ್ತಿಲಾಚೆಯೇ ಉಳಿಯಬಹುದು.

2022ರ ಮೇ ತಿಂಗಳಲ್ಲಿ ಅದೇ ಕ್ಷೇತ್ರದಲ್ಲಿ ಮೂರೇ ಪಟ್ಟಿ. ವಿರೋಧಿಗಳಲ್ಲಿ ಬಹುತೇಕರು 'ಬದಲಾವಣೆಯತ್ತ ಒಟ್ಟಾಗಿ' ಎಂಬ ಒಂದೇ ಪಟ್ಟಿಯಡಿ ಬಂದರು. ಸುಮಾರು 30,000 ಮತ ಬಿತ್ತು, ಎರಡು ಸೀಟು ಸಿಕ್ಕಿತು. ಕಣ್ಣಿನ ವೈದ್ಯ ಇಲಿಯಾಸ್ ಜರಾದೆ, 1992ರಿಂದ ಸಂಸತ್ತಿನಲ್ಲಿದ್ದ ಅಸಾದ್ ಹರ್ದಾನ್ ಅವರನ್ನು ಸೋಲಿಸಿದರು. 2020ರ ಬೈರೂತ್ ಪ್ರತಿಭಟನೆಯಲ್ಲಿ ಗಾಯಗೊಂಡಿದ್ದ ವಕೀಲ ಫಿರಾಸ್ ಹಮ್ದಾನ್, ಬ್ಯಾಂಕ್ ಮುಖ್ಯಸ್ಥ ಮರ್ವಾನ್ ಖೈರುದ್ದೀನ್ ಅವರನ್ನು ಹಿಂದಿಕ್ಕಿದರು. ಈ ಗೆಲುವನ್ನು ನಾನು ಸಣ್ಣದೆನ್ನಲಾರೆ. ಹಾಗೆಂದು ಅದನ್ನು ಉಬ್ಬಿಸಿ ಹೇಳುವುದೂ ಸಲ್ಲದು. ಅಲ್ಲಿ ಸೀಟುಗಳನ್ನು ಮತಪಂಥದ ಲೆಕ್ಕದಲ್ಲಿ ಮೀಸಲಿಟ್ಟಿದ್ದಾರೆ. ಗೆದ್ದದ್ದು ಒಂದು ಆರ್ಥೊಡಾಕ್ಸ್ ಕ್ರೈಸ್ತ ಸೀಟು, ಇನ್ನೊಂದು ದ್ರೂಜ್ ಸೀಟು. ಕ್ಷೇತ್ರದ ಎಂಟು ಶಿಯಾ ಸೀಟುಗಳಲ್ಲಿ ಒಂದೂ ಕದಲಲಿಲ್ಲ.

ಅದೇ ವರ್ಷ ಟ್ರಿಪೋಲಿ ಸೇರಿದ ಉತ್ತರದ ಕ್ಷೇತ್ರದಲ್ಲಿ 11 ಸೀಟಿಗೆ 11 ಪಟ್ಟಿ! ಬಂದೂಕಿನ ಭಯ, ಹಣದ ಬಲ, ಪಂಥದ ಹಿಡಿತ ಎಲ್ಲವೂ ನಿಜ, ಅವುಗಳನ್ನು ಒಂದೇ ದಿನದಲ್ಲಿ ಅಳಿಸಲಾಗದು. ಆದರೆ ಪಟ್ಟಿಯನ್ನು ಒಡೆಯುವುದು, ಕೂಡಿಸುವುದು ವಿರೋಧಿಗಳ ಕೈಯಲ್ಲೇ ಇತ್ತು. ಪಟ್ಟಿಯ ತಲೆಯಲ್ಲಿ ಯಾರ ಹೆಸರಿರಬೇಕೆಂದು ಜಗಳವಾಡಿ ಬೇರೆ ಪಟ್ಟಿ ಕಟ್ಟುವವರು, ತಮ್ಮನ್ನು ನಂಬಿ ಬಂದ ಮತದಾರನ ಮತವನ್ನು ತಾವೇ ಕಸಕ್ಕೆ ಹಾಕುತ್ತಾರೆ. ಮುಂದಿನ ಪಟ್ಟಿ ಬರೆಯುವ ಮುನ್ನ ಅವರು ದಕ್ಷಿಣದ ಆ 30,000 ಮತದಾರರನ್ನು ನೆನೆಯಲಿ.